ಹಾವಸೆ, ಮೀನು, ಹೊಂಡ: ರೋಣ-ನರಗುಂದ-ಗಜೇಂದ್ರಗಡ ಸೀಮೆಯ ನೀರಿನ ಇತಿಹಾಸಕ್ಕೊಂದು ಟಿಪ್ಪಣಿ

ಇತಿಹಾಸದ ಅಧ್ಯಾಪಕನಾದವನು ಮೀನಿನ ತೊಟ್ಟಿಯ ವಿಷಯವಾಗಿ ಬರೆಯಹೊರಟರೆ ವಾಚಕರು ಹುಬ್ಬೇರಿಸುವುದು ಸಹಜವೇ. ಆದುದರಿಂದ ಮೊದಲಿಗೇ ನನ್ನ ತಪ್ಪೊಪ್ಪಿಗೆಯನ್ನು ಸಲ್ಲಿಸಿಬಿಡುವುದು ಲೇಸು. ಮನೆಯ ಮಕ್ಕಳ ಒತ್ತಾಯಕ್ಕೆ ಮಣಿದು ನಾನು ಒಂದು ಗಾಜಿನ ತೊಟ್ಟಿಯನ್ನು ಕೊಂಡು, ನಾಲ್ಕಾರು ಮೀನುಗಳನ್ನು ಬಿಟ್ಟು, ಚೆಂದ ಕಾಣಲೆಂದು ಮೂಡಲ ಕಿಟಕಿಯ ಮುಂದೆ ಇರಿಸಿದೆನು. ಇಪ್ಪತ್ತು ದಿನಗಳು ತುಂಬುವುದರೊಳಗೆ ಗಾಜು ಹಸಿರಾಯಿತು. ತಿಂಗಳಾಗುವಷ್ಟರಲ್ಲಿ ನೀರೇ ಹಸಿರಾಗಿ ಮೀನುಗಳು ಕಾಣದಾದವು. ಉಜ್ಜಿದೆನು, ತೊಳೆದೆನು, ನೀರನ್ನೆಲ್ಲ ಚೆಲ್ಲಿ ಹೊಸ ನೀರು ತುಂಬಿದೆನು. ಮತ್ತೆ ಅದೇ ಹಸಿರು. ಕೊನೆಗೆ ಹಾವಸೆಯನ್ನು ಕೊಲ್ಲುವ ಔಷಧಿಯೊಂದನ್ನು ತಂದು, ಚೀಟಿಯಲ್ಲಿ ಹೇಳಿದ್ದಕ್ಕಿಂತ ತುಸು ಹೆಚ್ಚಾಗಿಯೇ ಹಾಕಿದೆನು. ಮರುದಿನ ಸಂಜೆಗೆ ಹಸಿರು ಕಂದಿತು. ಅದರ ಮರುದಿನ ಬೆಳಗಿಗೆ ಮೀನುಗಳೆಲ್ಲ ಮೇಲಕ್ಕೆ ತೇಲಿದ್ದವು. ನೆರೆಮನೆಯ ಅಜ್ಜಿಯೊಬ್ಬರು ಬಂದು ನೋಡಿ, "ಬಿಸಲಿಗೆ ಇಟ್ಟೀರಿ, ಮ್ಯಾಲೆ ದಿನಾ ಹಿಟ್ಟು ಹಾಕ್ತೀರಿ, ಹಾವಸಿ ಬರದ ಏನ್ ಮಾಡೀತ್ರೀ?" ಎಂದರು. ಗ್ರಂಥಗಳಲ್ಲಿ ನಾನು ಹುಡುಕಬೇಕಾಗಿದ್ದ ಉತ್ತರ ಆ ಒಂದು ಮಾತಿನಲ್ಲಿತ್ತು.

ಕೆರೆ ಹೊಂಡಗಳ ನೀರನ್ನೇ ಕುಡಿದು ತಲೆಮಾರುಗಳನ್ನು ಕಳೆದ ಸೀಮೆಯವರಿಗೆ ಈ ಜ್ಞಾನವು ಎಲ್ಲಿಂದ ಬಂದಿತು, ಅದರಲ್ಲಿ ಎಷ್ಟು ನಿಜ, ಎಷ್ಟು ಭ್ರಮೆ ಎಂಬುದನ್ನು ವಿಚಾರಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶವಾಗಿದೆ.

ಹಾವಸೆ ಎಂಬ ಪದವು ಹಳಗನ್ನಡದ ಪಾವಸೆಯ ರೂಪಾಂತರ. ಪಕಾರವು ಹಕಾರವಾದುದಕ್ಕೆ ಹಾಲು, ಹಾವು, ಹೂವುಗಳಂತೆ ಇದೂ ಒಂದು ನಿದರ್ಶನ. ತೆಂಕಣ ಕನ್ನಡಿಗರು ಪಾಚಿ ಎನ್ನುವುದನ್ನೇ ನಮ್ಮ ಭಾಗದವರು ಹಾವಸಿ ಎನ್ನುತ್ತಾರೆ. ಸಂಸ್ಕೃತದಲ್ಲಿ ಇದು ಶೈವಾಲ. ಶಂಕರರ ಹೆಸರಿನಲ್ಲಿ ಪ್ರಚಲಿತವಾಗಿರುವ ವಿವೇಕಚೂಡಾಮಣಿಯಲ್ಲಿ ಈ ಶೈವಾಲವು ಮಾಯೆಗೆ ದೃಷ್ಟಾಂತವಾಗಿ ಬಂದಿದೆ: ಕೈಯಿಂದ ಸರಿಸಿದರೂ ಅದು ಕ್ಷಣಕಾಲವೂ ದೂರ ನಿಲ್ಲದೆ ಮತ್ತೆ ನೀರನ್ನು ಕವಿಯುತ್ತದೆ ಎಂಬುದು ಅಲ್ಲಿಯ ತಾತ್ಪರ್ಯ. ವೇದಾಂತದ ಮಾತು ಹೇಗೇ ಇರಲಿ, ಈ ಅವಲೋಕನವು ಹೊಂಡದ ದಂಡೆಯಲ್ಲಿ ನಿಂತು ನೋಡಿದವರದು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಸರಿಸುವುದರಿಂದ ಹಾವಸೆ ಹೋಗದು. ಏಕೆಂದರೆ ಅದರ ಬೀಜಕಣಗಳು ಗಾಳಿಯಲ್ಲಿಯೂ, ನೀರಿನಲ್ಲಿಯೂ, ಕೊಡದ ತಳದಲ್ಲಿಯೂ ಸದಾ ಇರುತ್ತವೆ. ಅದು ಬೆಳೆಯಲು ಬೇಕಾದುವು ಮುಖ್ಯವಾಗಿ ಎರಡು: ಬೆಳಕು ಮತ್ತು ಗೊಬ್ಬರ. ಗೊಬ್ಬರವೆಂದರೆ ಇಲ್ಲಿ ಸಾರಜನಕ ಮತ್ತು ರಂಜಕಗಳ ಲವಣಗಳು. ತೊಟ್ಟಿಯಲ್ಲಿ ಇವು ಮೀನಿನ ಮಲದಿಂದಲೂ, ತಿನ್ನದೆ ಉಳಿದ ಆಹಾರ ಕೊಳೆಯುವುದರಿಂದಲೂ ಬರುತ್ತವೆ; ಕೆರೆಯಲ್ಲಿ ದನದ ಸಗಣಿಯಿಂದ, ಬಟ್ಟೆಯ ಕೊಳೆಯಿಂದ, ಇಂದಿನ ದಿನಗಳಲ್ಲಿ ಹೊಲಗಳಿಂದ ಹರಿದುಬರುವ ರಸಗೊಬ್ಬರದಿಂದ.

ಇನ್ನು ಸೀಮೆಯ ವಿಚಾರ. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟ ಗದಗ ಜಿಲ್ಲೆಯ ಉತ್ತರ ಭಾಗದಲ್ಲಿರುವ ಈ ಮೂರು ಪಟ್ಟಣಗಳ ಸುತ್ತಣ ನೆಲವು ಬಹುಮಟ್ಟಿಗೆ ಎರೆ ಭೂಮಿ. ಗಜೇಂದ್ರಗಡದ ಕಡೆಗೆ ಮಾತ್ರ ಗುಡ್ಡಗಳ ಸಾಲು ಮತ್ತು ಮಸಾರಿ ನೆಲ. ಎರೆಯಲ್ಲಿ ಬಾವಿ ತೋಡಿದರೆ ಅನೇಕ ಕಡೆ ಸವಳು ನೀರೇ ಗತಿ. ಮಳೆ ಕಡಿಮೆ, ಹೊಳೆ ದೂರ. ಮಲಪ್ರಭೆಗೆ ನವಿಲುತೀರ್ಥದಲ್ಲಿ ಕಟ್ಟಿದ ಅಣೆಕಟ್ಟಿನ ಕಾಲುವೆಗಳು 1970ರ ದಶಕದಲ್ಲಿ ಬರುವವರೆಗೆ ಈ ಬಯಲಿನ ಹಳ್ಳಿಗಳು ಮಳೆಗಾಲದಲ್ಲಿ ತುಂಬಿಕೊಂಡ ಕೆರೆಯ ನೀರನ್ನು ಮುಂದಿನ ಮಳೆಗಾಲದವರೆಗೆ ಕಾಯ್ದುಕೊಂಡು ಕುಡಿಯಬೇಕಾಗಿತ್ತು. ಎಂಟು-ಹತ್ತು ತಿಂಗಳು ಬಿಸಿಲಿಗೆ ಮೈಯೊಡ್ಡಿ ನಿಂತ ನೀರು ಅದು. ಹರಿಯದ ನೀರು, ಧಾರಾಳವಾದ ಬೆಳಕು, ತಳದಲ್ಲಿ ಹೂಳು: ನನ್ನ ಗಾಜಿನ ತೊಟ್ಟಿಯ ಸ್ಥಿತಿಗೂ ಇದಕ್ಕೂ ಗಾತ್ರದಲ್ಲಿ ಹೊರತು ಭೇದವಿಲ್ಲ. ಕುಡಿಯುವ ಕೆರೆಯೇ ಬೇರೆ, ದನ ಇಳಿಯುವ ಕೆರೆಯೇ ಬೇರೆ ಎಂಬ ಕಟ್ಟಳೆ ಊರೂರುಗಳಲ್ಲಿ ಹುಟ್ಟಿಕೊಂಡುದು ಈ ಕಾರಣದಿಂದ. ಬಟ್ಟೆ ಒಗೆಯಬಾರದು, ದನ ಇಳಿಸಬಾರದು ಎಂಬ ಮಾತಿಗೆ ಹಾವಸೆಯ ಭಾಷೆಯಲ್ಲಿ ಅರ್ಥ ಹೇಳುವುದಾದರೆ, ನೀರಿಗೆ ಗೊಬ್ಬರ ಹಾಕಬೇಡಿರಿ ಎಂದೇ.

ಬೆಳಕಿನ ಮಾತಿಗೆ ಬರೋಣ. ಹಿಂದಿನ ರೋಣ ತಾಲ್ಲೂಕಿನ ಸೂಡಿಯನ್ನು ಇತಿಹಾಸದ ವಿದ್ಯಾರ್ಥಿಗಳಿಗೆ ಪರಿಚಯಿಸಬೇಕಾದ ಅಗತ್ಯವಿಲ್ಲ. ಕಲ್ಯಾಣದ ಚಾಳುಕ್ಯರ ಕಾಲದಲ್ಲಿ ಕಿಸುಕಾಡು ಎಪ್ಪತ್ತರ ಮುಖ್ಯ ಪಟ್ಟಣಗಳಲ್ಲಿ ಒಂದಾಗಿದ್ದು, ಇಮ್ಮಡಿ ಜಯಸಿಂಹನ ಸೋದರಿ ಅಕ್ಕಾದೇವಿಯ ಆಡಳಿತದ ನೆನಪನ್ನು ತನ್ನ ಶಾಸನಗಳಲ್ಲಿ ಉಳಿಸಿಕೊಂಡಿರುವ ಊರು ಇದು. ಎಪಿಗ್ರಾಫಿಯಾ ಇಂಡಿಕಾದ 15ನೆಯ ಸಂಪುಟದಲ್ಲಿ ಬಾರ್ನೆಟ್ ಪಂಡಿತರು ಸೂಡಿಯ ಶಾಸನಗಳನ್ನು ಸಂಪಾದಿಸಿದ್ದಾರೆ. ಜೋಡುಕಳಸದ ಗುಡಿ, ಮಲ್ಲಿಕಾರ್ಜುನ ಗುಡಿಗಳ ಶಿಲ್ಪವನ್ನು ನೋಡಲು ಹೋದವರು ನಾಗಕುಂಡವೆಂಬ ಪಾವಟಿಗೆಗಳ ಬಾವಿಯನ್ನೂ ನೋಡಿಬರುತ್ತಾರೆ. ಆದರೆ ಅವರ ಕಣ್ಣು ಗೋಡೆಗಳ ಮೇಲೆ ನಿಲ್ಲುವುದೇ ಹೆಚ್ಚು. ನಾನೂ ಹಾಗೆಯೇ ಎರಡು ಮೂರು ಸಲ ನೋಡಿ ಬಂದವನು; ಮೀನುಗಳು ಸತ್ತ ಮೇಲೆ ಹೋದಾಗ ನೆರಳನ್ನು ನೋಡಿದೆನು.

ನೆಲದಿಂದ ಆಳಕ್ಕೆ ಇಳಿಯುವ, ನಾಲ್ಕೂ ಕಡೆ ಕಲ್ಲಿನ ಗೋಡೆಗಳು ನೆಟ್ಟಗೆ ಎದ್ದುನಿಂತಿರುವ ಬಾವಿಗೆ ಬೆಳಗಿನ ಬಿಸಿಲು ಪಡುವಣ ಗೋಡೆಯ ಮೇಲೆಯೂ, ಸಂಜೆಯ ಬಿಸಿಲು ಮೂಡಣ ಗೋಡೆಯ ಮೇಲೆಯೂ ಬಿದ್ದು ಕಲ್ಲಿನಲ್ಲಿಯೇ ಕಳೆದುಹೋಗುತ್ತದೆ. ನೀರಿನ ಮೈಗೆ ನೇರ ಬೆಳಕು ತಾಗುವುದು ನಡುಹಗಲಿನ ಕೆಲವು ಹೊತ್ತು ಮಾತ್ರ. ನೀರು ಕೆಳಗಿಳಿದಷ್ಟೂ ನೆರಳು ಹೆಚ್ಚುತ್ತದೆ. ಎಂದರೆ ನೀರು ಕಡಿಮೆಯಾಗಿ ಕೆಡುವ ಭಯವಿರುವ ಬೇಸಗೆಯಲ್ಲಿಯೇ ರಕ್ಷಣೆ ಹೆಚ್ಚು. ಲಕ್ಕುಂಡಿಯ ಮುಸುಕಿನ ಬಾವಿಗೂ, ಅದೇ ಕಾಲದ ಇತರ ಬಾವಿಗಳಿಗೂ ಈ ಮಾತು ಸಲ್ಲುತ್ತದೆ. ಶಿಲ್ಪಿಗಳು ಹಾವಸೆಯನ್ನು ತಡೆಯಲೆಂದೇ ಹೀಗೆ ಕಟ್ಟಿದರೆಂದು ನಾನು ವಾದಿಸುವುದಿಲ್ಲ. ನೀರಿನ ಸೆಲೆ ಆಳದಲ್ಲಿದ್ದುದರಿಂದ ಆಳವಾಗಿ ಕಟ್ಟಿದರು. ನೀರು ತಿಳಿಯಾಗಿ ಉಳಿಯಿತು. ತಿಳಿಯಾಗಿ ಉಳಿದುದನ್ನು ಕಂಡು ಮುಂದಿನವರೂ ಹಾಗೆಯೇ ಕಟ್ಟಿದರು. ಪರಂಪರೆಯ ಜ್ಞಾನವು ಬಹುತೇಕ ಹೀಗೆಯೇ ಬೆಳೆದಂತೆ ತೋರುತ್ತದೆ. ಅದಕ್ಕೆ ಪೂರ್ವಜರ ಮೇಲೆ ಸೂಕ್ಷ್ಮದರ್ಶಕವನ್ನು ಹೊರಿಸಬೇಕಾಗಿಲ್ಲ. ಜಯಸಿಂಹನ ಆಳ್ವಿಕೆಯಲ್ಲಿಯೇ, ಸುಮಾರು 1025ರಲ್ಲಿ, ಚಾವುಂಡರಾಯನು ಕನ್ನಡದಲ್ಲಿ ರಚಿಸಿದ ಲೋಕೋಪಕಾರದಲ್ಲಿ ಅಂತರ್ಜಲವನ್ನು ಗುರುತಿಸುವ ಉದಕಾರ್ಗಳಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ ಎಂಬುದನ್ನು ಈ ಸಂದರ್ಭದಲ್ಲಿ ಸ್ಮರಿಸಬಹುದು.

ಬೆಟ್ಟದ ಮೇಲಿನ ಕೋಟೆಗಳ ಹೊಂಡಗಳ ಪಾಡು ಬೇರೆ. ನರಗುಂದ ಮತ್ತು ಗಜೇಂದ್ರಗಡಗಳ ಗುಡ್ಡಗಳ ಮೇಲೆ ಬಂಡೆಯ ತಗ್ಗುಗಳಲ್ಲಿ ಮಳೆಯ ನೀರನ್ನು ಹಿಡಿದಿಡಬೇಕಾಗಿತ್ತು. ಅಗಲ ಹೆಚ್ಚು, ಆಳ ಕಡಿಮೆ, ನೆರಳಿಲ್ಲ. 1785ರಲ್ಲಿ ಟಿಪ್ಪುವಿನ ಸೈನ್ಯ ನರಗುಂದವನ್ನು ಮುತ್ತಿದ ಪ್ರಸಂಗವನ್ನು ಓದುವಾಗ ನಾವು ತೋಪುಗಳನ್ನೂ ಸಂಧಾನಗಳನ್ನೂ ಎಣಿಸುತ್ತೇವೆ. ಬೇಸಗೆಯ ತಿಂಗಳುಗಳಲ್ಲಿ ಗುಡ್ಡದ ಮೇಲೆ ಕುಡಿಯಲಿದ್ದ ನೀರಿನ ಬಣ್ಣವನ್ನು ಯಾರೂ ಕೇಳುವುದಿಲ್ಲ. ಗಜೇಂದ್ರಗಡದ ಕಾಲಕಾಲೇಶ್ವರನ ಸನ್ನಿಧಿಯಲ್ಲಿ ಮಾತ್ರ ಬಂಡೆಯ ಸಂದಿನಿಂದ ವರ್ಷವಿಡೀ ಒಸರುವ ಅಂತರಗಂಗೆಯಿದೆ. ನಿಂತ ನೀರಿಗೂ ಹರಿಯುವ ನೀರಿಗೂ ಇರುವ ಅಂತರವನ್ನು ಅಲ್ಲಿ ಕಣ್ಣಾರೆ ಕಾಣಬಹುದು.

ನೀರಿನ ಪಾತ್ರವನ್ನು ಕಟ್ಟಿಸಿದವನ ಹೆಸರು ಶಾಸನದಲ್ಲಿ ದೊಡ್ಡದಾಗಿ ಇರುತ್ತದೆ. ಅದನ್ನು ಚೊಕ್ಕಟವಾಗಿ ಉಳಿಸಿದವರ ಹೆಸರು ಇರುವುದು ವಿರಳ. ಹೀಗಿದ್ದರೂ ಕರ್ನಾಟಕದ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ ಮೊದಲಾದ ಪದಗಳು ಬರುವುದರಿಂದ ಕೆರೆಯ ದುರಸ್ತಿಗೂ ಹೂಳೆತ್ತುವುದಕ್ಕೂ ಭೂಮಿಯನ್ನೋ ಹುಟ್ಟುವಳಿಯ ಪಾಲನ್ನೋ ಬಿಡುತ್ತಿದ್ದರೆಂದು ಅರಿಯಬಹುದಾಗಿದೆ. ಹೂಳೆತ್ತುವುದೆಂದರೆ ನೀರು ನಿಲ್ಲುವ ಸ್ಥಳವನ್ನು ಹೆಚ್ಚಿಸುವುದಷ್ಟೇ ಎಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಆದರೆ ಹೂಳಿನಲ್ಲಿ ವರ್ಷಗಟ್ಟಲೆ ಕೊಳೆತ ಎಲೆ, ಸಗಣಿ, ಸತ್ತ ಹಾವಸೆಗಳ ಸಾರವೆಲ್ಲ ಇರುತ್ತದೆ. ಅದು ತಳದಲ್ಲಿ ಇರುವವರೆಗೆ ಮುಂದಿನ ಹಾವಸೆಗೆ ಉಣಿಸು ಸಿದ್ಧವಾಗಿಯೇ ಇದ್ದಂತೆ. ಆ ಹೂಳನ್ನು ರೈತರು ಹೊಲಕ್ಕೆ ಹೇರಿಕೊಂಡು ಹೋಗುತ್ತಿದ್ದುದು ಎರಡೂ ಕಡೆ ಲಾಭದ ವ್ಯವಹಾರ.

ಮೀನಿನ ಪ್ರಸ್ತಾಪವು ನಮ್ಮ ಸೀಮೆಯನ್ನಾಳಿದ ಅರಸರ ಗ್ರಂಥದಲ್ಲಿಯೇ ದೊರೆಯುತ್ತದೆ. ಚಾಳುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ (ಸುಮಾರು 1129) ಮತ್ಸ್ಯವಿನೋದವೆಂಬ ಪ್ರಕರಣವಿದ್ದು, ಮೀನುಗಳ ಜಾತಿಗಳು, ಅವುಗಳಿಗೆ ಹಾಕುವ ಉಂಡೆಗಳು, ಗಾಳ ಹಿಡಿಯುವ ಕ್ರಮ ಇವು ವಿವರವಾಗಿ ಬಂದಿವೆ. ಪ್ರಾಣಿಶಾಸ್ತ್ರಜ್ಞ ಸುಂದರಲಾಲ ಹೋರಾ ಅವರು 1951ರಲ್ಲಿ ಇದರ ಮೇಲೆ ಬರೆದರು. ಆದರೆ ಅರಸನ ಲಕ್ಷ್ಯವೆಲ್ಲ ಗಾಳದ ಮೇಲೆ. ನೀರಿನ ತಿಳಿಗೂ ಮೀನಿಗೂ ಇರುವ ಸಂಬಂಧಕ್ಕಾಗಿ ಆ ಪ್ರಕರಣವನ್ನು ಎಳೆದು ತರುವುದು ಸಂಗತವೆನಿಸದು. ಅದಕ್ಕಿಂತ ಕುತೂಹಲಕರವಾದುದು ತಮಿಳು ಶಾಸನಗಳ ಒಂದು ಪದ: ಕೆರೆಯ ಮೀನು ಹಿಡಿಯುವ ಹಕ್ಕಿಗೆ ತೆರುವ ತೆರಿಗೆಗೆ ಅಲ್ಲಿ ಪಾಸಿಪ್ಪಾಟ್ಟಂ ಎಂದು ಹೆಸರು. ಪಾಸಿ ಎಂದರೆ ನಮ್ಮ ಪಾಚಿಯೇ. ಹಾವಸೆಯ ಹೆಸರಿನಲ್ಲಿ ಮೀನಿನ ಗುತ್ತಿಗೆ! ಮೀನೂ ಹಾವಸೆಯೂ ಒಂದೇ ನೀರಿನ ಲೆಕ್ಕದಲ್ಲಿ ಸೇರಿದುವೆಂಬ ಗ್ರಹಿಕೆ ದಕ್ಷಿಣದ ಕೆರೆಗಳ ದಂಡೆಯಲ್ಲಿ ಹಳೆಯದೆಂದು ಇದರಿಂದ ಊಹಿಸಬಹುದು.

ನೀರಿಗೆ ಏನನ್ನಾದರೂ ಹಾಕಿ ತಿಳಿಗೊಳಿಸುವ ದಾರಿಯೂ ಹೊಸದೇನಲ್ಲ. ವರಾಹಮಿಹಿರನು ಬೃಹತ್ಸಂಹಿತೆಯ ದಕಾರ್ಗಳಾಧ್ಯಾಯದಲ್ಲಿ ಅಂಜನ, ಭದ್ರಮುಷ್ಟಿ, ಲಾವಂಚ, ನೆಲ್ಲಿ ಮೊದಲಾದುವುಗಳನ್ನು ಕತಕದೊಡನೆ ಪುಡಿಮಾಡಿ ಬಾವಿಗೆ ಹಾಕಿದರೆ ಕಲಕಿದ, ಕಹಿಯಾದ, ದುರ್ಗಂಧದ ನೀರು ಸರಿಹೋಗುವುದೆಂದಿದ್ದಾನೆ. ಕತಕವೆಂದರೆ ಚಿಲ್ಲದ ಬೀಜ. ಅದನ್ನು ಕೊಡದ ಒಳಮೈಗೆ ತೇಯ್ದರೆ ನೀರಿನಲ್ಲಿ ತೇಲುವ ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿಕೊಂಡು ತಳಕ್ಕಿಳಿಯುತ್ತವೆ. ಮನುಸ್ಮೃತಿಯು, ಕತಕದ ಹೆಸರು ಹೇಳಿದ ಮಾತ್ರಕ್ಕೆ ನೀರು ತಿಳಿಯಾಗದು ಎಂದು ಧರ್ಮಾಚರಣೆಗೆ ಇದನ್ನೇ ಉಪಮೆಯಾಗಿ ಬಳಸುತ್ತದೆ. ಎರೆಮಣ್ಣಿನ ಕದಡಿಗೆ ಇದು ಒಳ್ಳೆಯ ಉಪಾಯ. ಹಾವಸೆಯನ್ನು ಸಹ ಒಂದಿಷ್ಟು ತಳಕ್ಕೆ ಇಳಿಸೀತು. ಆದರೆ ಬೆಳೆಯನ್ನು ತಡೆಯಲಾರದು. ಬೆಳೆಯನ್ನೇ ಕೊಲ್ಲುವ ವಸ್ತು ತಾಮ್ರ. 1904ರಲ್ಲಿ ಅಮೆರಿಕೆಯ ಕೃಷಿ ಇಲಾಖೆಯ ಮೂರ್ ಮತ್ತು ಕೆಲ್ಲರ್‌ಮನ್ ಎಂಬವರು ಪಟ್ಟಣಗಳ ನೀರಿನ ಜಲಾಶಯಗಳಲ್ಲಿ ಅತ್ಯಲ್ಪ ಪ್ರಮಾಣದ ಮೈಲುತುತ್ತವನ್ನು ಕರಗಿಸಿ ಹಾವಸೆಯನ್ನು ನಾಶಪಡಿಸುವ ವಿಧಾನವನ್ನು ಪ್ರಕಟಿಸಿದರು. ಅದು ಜಗತ್ತಿನ ನಾನಾ ಕಡೆ ಬಳಕೆಗೆ ಬಂದಿತು. ನಮ್ಮ ಅಡುಗೆಮನೆಯ ತಾಮ್ರದ ಕೊಡ ಹಂಡೆಗಳೂ ಇದರ ದೂರದ ನೆಂಟರೇ. ಆದರೆ ಮೀನಿಗೂ ಬಸವನಹುಳುವಿಗೂ ತಾಮ್ರವು ವಿಷ. ಸವಳು ನೀರಿಗಿಂತ ಮೆದುನೀರಿನಲ್ಲಿ ಅದರ ವಿಷ ಇನ್ನೂ ತೀಕ್ಷ್ಣ. ಅದಲ್ಲದೆ ಹಾವಸೆಯೆಲ್ಲ ಒಮ್ಮೆಗೇ ಸತ್ತರೆ ಅದರ ಕೊಳೆಯುವಿಕೆಯಲ್ಲಿ ನೀರಿನ ಆಮ್ಲಜನಕ ತೀರಿಹೋಗುತ್ತದೆ. ಹಗಲೆಲ್ಲ ಆಮ್ಲಜನಕವನ್ನು ಕೊಡುವ ಹಸಿರು ಇರುಳಲ್ಲಿ ಅದನ್ನು ಹೀರುವುದರಿಂದ ನಸುಕಿನ ಹೊತ್ತಿಗೆ ನೀರಿನಲ್ಲಿ ಉಸಿರು ಅತಿ ಕಡಿಮೆ. ನನ್ನ ಮೀನುಗಳು ಬೆಳಗಿಗೆ ಸತ್ತುದು ಔಷಧಿಯಿಂದಲೋ ಉಸಿರು ಕಟ್ಟಿಯೋ ಎಂದು ಈಗ ವಾದಿಸಿ ಫಲವಿಲ್ಲ. ಎರಡಕ್ಕೂ ಹೊಣೆ ನಾನೇ.

ಇಲ್ಲಿಯವರೆಗೆ ಪೂರ್ವಜರ ವಿವೇಕವನ್ನು ಹೊಗಳಿದ್ದಾಯಿತು. ಇನ್ನು ಅದರ ಇನ್ನೊಂದು ಮುಖವನ್ನು ನೋಡದೆ ಲೇಖನಿಯನ್ನು ಕೆಳಗಿಡುವುದು ನ್ಯಾಯವಲ್ಲ. ಕೆರೆಯ ಕಟ್ಟಳೆಗಳಲ್ಲಿ ದನವನ್ನೂ ಬಟ್ಟೆಯನ್ನೂ ದೂರವಿಡುವ ಕಟ್ಟಳೆಯ ಜೊತೆಗೇ ಮನುಷ್ಯರನ್ನು ದೂರವಿಡುವ ಕಟ್ಟಳೆಯೂ ಇತ್ತು. ಅಸ್ಪೃಶ್ಯರೆನಿಸಿದವರು ಊರ ಬಾವಿಯ ಪಾವಟಿಗೆಗಳನ್ನು ಇಳಿಯುವಂತಿರಲಿಲ್ಲ. ಮೇಲಿನವರು ಯಾರಾದರೂ ಕೊಡಕ್ಕೆ ಸುರಿಯುವವರೆಗೆ ಕಾಯಬೇಕು, ಇಲ್ಲವೆ ಹಳ್ಳದ ಒರತೆಗೆ ಹೋಗಬೇಕು. ಇದನ್ನು ಹಳೆಯ ಕಾಲದ ನೈರ್ಮಲ್ಯದ ಭಾಗವೆಂದು ಸಮರ್ಥಿಸುವ ಬರೆಹಗಳನ್ನು ನಾನು ಓದಿದ್ದೇನೆ. ಈ ಸಮರ್ಥನೆಯು ಪರೀಕ್ಷೆಗೆ ನಿಲ್ಲುವಂತಹುದಲ್ಲ.

ನಮ್ಮ ಸೀಮೆಯು ಅಂದು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಸಾರ್ವಜನಿಕ ಕೆರೆ ಬಾವಿಗಳನ್ನು ಎಲ್ಲರಿಗೂ ತೆರೆಯಬೇಕೆಂದು 1923ರಲ್ಲಿ ಆ ಪ್ರಾಂತದ ಶಾಸನಸಭೆ ನಿರ್ಣಯ ಮಾಡಿತು. ಅದೇ ಪ್ರಾಂತದ ಮಹಾಡದಲ್ಲಿ 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರರು ಸಾವಿರಾರು ಜನರೊಡನೆ ಚವದಾರ ಕೆರೆಗೆ ನಡೆದು ನೀರನ್ನು ಮುಟ್ಟಿದರು. ಬಳಿಕ ಸವರ್ಣೀಯರು ಗೋಮಯ, ಗೋಮೂತ್ರ, ಹಾಲು, ಮೊಸರುಗಳನ್ನು 108 ಮಡಕೆಗಳಲ್ಲಿ ತುಂಬಿ ಕೆರೆಯಲ್ಲಿ ಮುಳುಗಿಸಿ ನೀರು ಶುದ್ಧವಾಯಿತೆಂದು ಸಾರಿದರು. ಸಾರಜನಕವೂ ರಂಜಕವೂ ಸಮೃದ್ಧವಾಗಿರುವ ಇಂಥ ಮಿಶ್ರಣಕ್ಕಿಂತ ಹೆಚ್ಚಾಗಿ ಹಾವಸೆಯು ಬೇರೇನನ್ನೂ ಬೇಡಲಾರದು. ಶುದ್ಧಿ ಎಂಬ ಮಾತಿಗೂ ನೀರಿನ ತಿಳಿಗೂ ಎಷ್ಟು ದೂರವಿತ್ತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯವನ್ನು ನಾನರಿಯೆ.

ಮೇಲಾಗಿ, ಒಳಗೆ ಬಿಟ್ಟವರ ಕಾಲಿನಲ್ಲಿಯೇ ಕೇಡು ಇಳಿಯುತ್ತಿತ್ತು. ಉತ್ತರ ಕರ್ನಾಟಕವನ್ನು ಶತಮಾನಗಳ ಕಾಲ ಕಾಡಿದ ನಾರುಹುಣ್ಣು ಇಂಥ ಪಾವಟಿಗೆಯ ಬಾವಿಗಳ ರೋಗ. ಹುಣ್ಣಿನ ಕಾಲನ್ನು ನೀರಿನಲ್ಲಿ ಇಟ್ಟಾಗ ಹೆಣ್ಣುಹುಳು ತನ್ನ ಮರಿಗಳನ್ನು ಅಲ್ಲಿ ಬಿಡುತ್ತದೆ; ಅವುಗಳನ್ನು ಸೈಕ್ಲೋಪ್ಸ್ ಎಂಬ ನೀರಚಿಗಟವು ನುಂಗುತ್ತದೆ; ಆ ಚಿಗಟವಿದ್ದ ನೀರನ್ನು ಕುಡಿದವರ ಮೈಯಲ್ಲಿ ಸುಮಾರು ಒಂದು ವರ್ಷದ ಮೇಲೆ ಹುಳು ಹೊರಬರುತ್ತದೆ. ಸೈಕ್ಲೋಪ್ಸಿನ ಪಾತ್ರವನ್ನು ರಷ್ಯದ ಫೆಡ್ಚೆಂಕೊ 1870ರ ಸುಮಾರಿಗೆ ಕಂಡುಹಿಡಿದನು. ಈ ಚಿಗಟವು ಹಾವಸೆಯನ್ನೂ, ಹಾವಸೆಯನ್ನು ತಿಂದು ಬದುಕುವ ಇನ್ನೂ ಚಿಕ್ಕ ಜೀವಿಗಳನ್ನೂ ತಿಂದು ಬೆಳೆಯುತ್ತದೆ. ಕಣ್ಣಿಗೆ ತಿಳಿಯಾಗಿ ಕಂಡ ನೀರೂ ನಿರಪಾಯವಾಗಿರಲಿಲ್ಲವೆಂಬುದು ಇಲ್ಲಿ ಗಮನಾರ್ಹ. ಜಾತಿಯ ಕಾವಲು ಯಾರ ಕಾಲನ್ನು ತಡೆಯಬೇಕೆಂದು ನಿಶ್ಚಯಿಸಿತ್ತೋ ಆ ಕಾಲಿಗೂ ಈ ಹುಳುವಿಗೂ ಯಾವ ಸಂಬಂಧವೂ ಇರಲಿಲ್ಲ.

ಮೀನು ಮತ್ತೆ ಬರುವುದು ಇಲ್ಲಿ. ಹಳೆಯ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಯಲ್ಲಿ ವಿ. ಎನ್. ಮೂರ್ತಿ ಎಂಬ ವಿಜ್ಞಾನಿಯು ರಾಕ್‌ಫೆಲ್ಲರ್ ಪ್ರತಿಷ್ಠಾನದ ಸ್ವೀಟ್ ಅವರೊಡನೆ ಕೂಡಿ, ಪಾವಟಿಗೆಯ ಬಾವಿಗಳಿಗೆ ಸಣ್ಣ ಮೀನುಗಳನ್ನು ಬಿಟ್ಟು ಸೈಕ್ಲೋಪ್ಸನ್ನು ತಿನ್ನಿಸುವ ಪ್ರಯೋಗವನ್ನು ನಡೆಸಿ 1936ರಲ್ಲಿ ಇಂಡಿಯನ್ ಮೆಡಿಕಲ್ ಗೆಜೆಟಿನಲ್ಲಿ ಪ್ರಕಟಿಸಿದರು. ಬಾವಿಯಲ್ಲಿ ಮೀನಿದ್ದರೆ ನೀರು ಒಳ್ಳೆಯದೆಂಬ ಹಳ್ಳಿಯ ನಂಬಿಕೆಗೆ ಇಂತು ಪ್ರಯೋಗದ ಬಲ ದೊರೆಯಿತು. ರೋಗವು ಕಡೆಗೆ ತೊಲಗಿದುದು 1980ರ ದಶಕದಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಿಂದ: ಇಳಿಯುವ ಬಾವಿಗಳನ್ನು ಸೇದುವ ಬಾವಿಗಳಾಗಿ ಮಾರ್ಪಡಿಸುವುದು, ಕೊಳವೆಬಾವಿ, ಬಟ್ಟೆಯಲ್ಲಿ ಸೋಸುವುದು, ನೀರಿಗೆ ಔಷಧಿ. ಭಾರತದಲ್ಲಿ ಕೊನೆಯ ರೋಗಿ ಕಂಡುಬಂದುದು 1996ರಲ್ಲಿ. 2000ದಲ್ಲಿ ದೇಶವು ರೋಗಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣೀಕರಿಸಿತು. ನಮ್ಮ ಪಾವಟಿಗೆಯ ಬಾವಿಗಳು ಬಳಕೆ ತಪ್ಪಿ ಸ್ಮಾರಕಗಳಾದುದರ ಹಿಂದೆ ಈ ಕಥೆಯೂ ಇದೆ. ಅವುಗಳನ್ನು ಮತ್ತೆ ಕುಡಿಯುವ ನೀರಿಗೆ ತೆರೆಯಬೇಕೆಂದು ಉತ್ಸಾಹದಿಂದ ಹೇಳುವ ಮಿತ್ರರು ಇದನ್ನು ಮರೆಯಬಾರದು.

ಗಾಜಿನ ತೊಟ್ಟಿಯ ಚರಿತ್ರೆಯಾದರೋ ತೀರ ಇತ್ತೀಚಿನದು. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1849-50ರಲ್ಲಿ ಹೊನ್ನಮೀನುಗಳನ್ನೂ ವ್ಯಾಲಿಸ್ನೇರಿಯ ಎಂಬ ನೀರಹುಲ್ಲನ್ನೂ ಒಂದೇ ಪಾತ್ರೆಯಲ್ಲಿಟ್ಟು, ಒಂದರ ಉಸಿರು ಇನ್ನೊಂದಕ್ಕೆ ಆಹಾರವಾಗುವುದನ್ನು ತೋರಿಸಲೆತ್ನಿಸಿದನು. ಹುಲ್ಲಿನ ಎಲೆಗಳು ಕೊಳೆತು ನೀರು ಕೆಟ್ಟು ಹಸಿರು ಲೋಳೆ ಕವಿಯಿತು. ಅವನು ಔಷಧಿಯನ್ನು ಹಾಕದೆ ಕೊಳದ ಬಸವನಹುಳುಗಳನ್ನು ತಂದು ಬಿಟ್ಟನು. ಅವು ಕೊಳೆತುದನ್ನೂ ಲೋಳೆಯನ್ನೂ ತಿಂದು ಪಾತ್ರೆಯನ್ನು ತಿಳಿಗೊಳಿಸಿದವು. ಮನೆಯ ಮೀನುತೊಟ್ಟಿಯ ಶಾಸ್ತ್ರ ಆರಂಭವಾದುದೇ ಹಾವಸೆಯ ಸಮಸ್ಯೆಯಿಂದ ಎಂದರೆ ಅತಿಶಯೋಕ್ತಿಯಾಗದು.

ನನ್ನ ತೊಟ್ಟಿ ಈಗ ಕಿಟಕಿಯನ್ನು ಬಿಟ್ಟು ನಡುಮನೆಯ ಒಳಗೋಡೆಗೆ ಸರಿದಿದೆ. ದೀಪವು ದಿನಕ್ಕೆ ಏಳೆಂಟು ತಾಸು ಮಾತ್ರ. ಎರಡು ನಿಮಿಷದೊಳಗೆ ಮೀನುಗಳು ತಿಂದು ಮುಗಿಸುವಷ್ಟೇ ಆಹಾರ, ವಾರಕ್ಕೊಂದು ದಿನ ಉಪವಾಸ. ವಾರಕ್ಕೊಮ್ಮೆ ನಾಲ್ಕನೆಯ ಒಂದು ಪಾಲು ನೀರನ್ನು ತಳದ ಕಸದೊಡನೆ ಕೊಳವೆಯಿಂದ ಎಳೆದು, ಕ್ಲೋರಿನ್ ಹೋಗಲೆಂದು ಒಂದು ದಿನ ತೆರೆದಿಟ್ಟ ಹೊಸ ನೀರನ್ನು ತುಂಬುತ್ತೇನೆ. ಎಳೆದ ನೀರು ಹೂವಿನ ಗಿಡಗಳಿಗೆ. ನೀರಹುಲ್ಲು ಬೆಳೆದು ಹಾವಸೆಯ ಪಾಲಿನ ಗೊಬ್ಬರವನ್ನು ತಾನುಣ್ಣುತ್ತದೆ. ಗಾಜಿನ ಮೇಲೆ ಸ್ವಲ್ಪ ಹಸಿರು ಕಾಣುವುದುಂಟು. ಹತ್ತಿಯ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ, ಎಂಟು ದಿನಕ್ಕೆ ಮರಳಿ ಬರುತ್ತದೆ. ಹಿಂದಿನ ಗಾಜಿನ ಮೇಲಿನದನ್ನು ನಾನು ಒರೆಸುವುದೇ ಇಲ್ಲ. ಬಸವನಹುಳುಗಳು ಅಲ್ಲಿ ಮೇಯುತ್ತವೆ.

ಅಂಗಡಿಗಳಲ್ಲಿ ತೊಟ್ಟಿ ಶುಚಿಮಾಡುವ ಮೀನೆಂದು ಮಾರುವ, ಕರಿಯ ಒರಟು ಮೈಯ, ಗಾಜಿಗೆ ಬಾಯಿ ಅಂಟಿಸಿಕೊಳ್ಳುವ ಮೀನಿನ ವಿಷಯವಾಗಿ ಒಂದು ಮಾತು ಉಳಿದಿದೆ. ದಕ್ಷಿಣ ಅಮೆರಿಕೆಯ ಈ ಸಕ್ಕರ್ ಮೀನು ಮರಿಯಾಗಿದ್ದಾಗ ಹಾವಸೆಯನ್ನು ತಿನ್ನುವುದು ನಿಜ. ಆದರೆ ಮೊಳಕ್ಕೆ ಹತ್ತಿರವಾಗಿ ಬೆಳೆದು, ತಾನು ತಿಂದುದಕ್ಕಿಂತ ಹೆಚ್ಚಿನ ಹೊಲಸನ್ನು ಮಾಡುತ್ತದೆ. ಆಗ ಜನರು ಬೇಸತ್ತು, ಕೊಲ್ಲಲೂ ಮನಸ್ಸಾಗದೆ, ಹತ್ತಿರದ ಕೆರೆಗೋ ಕಾಲುವೆಗೋ ಬಿಟ್ಟುಬರುತ್ತಾರೆ. ದಕ್ಷಿಣ ಭಾರತದ ಹಲವು ಕೆರೆ ಹೊಳೆಗಳಲ್ಲಿ ಅದು ಈಗಾಗಲೇ ಮನೆಮಾಡಿಕೊಂಡು, ಬಲೆಗಳನ್ನು ಹರಿಯುತ್ತ, ಊರಿನ ಮೀನುಗಳ ಮೇವನ್ನು ಕಸಿಯುತ್ತಿದೆ. ನರಗುಂದ ರೋಣಗಳ ಕಾಲುವೆಗಳು ಮಲಪ್ರಭೆಯೊಡನೆ ಕೂಡಿರುವುವು, ಮಲಪ್ರಭೆ ಕೃಷ್ಣೆಯೊಡನೆ. ಗಾಜಿನ ತೊಟ್ಟಿಯ ಮೀನನ್ನು ಆ ನೀರಿಗೆ ಯಾರೂ ಬಿಡಕೂಡದು.